ನಡುಸಾಲಿನವರು

ಕರಾಟೆ ಶಾಲೆ ನಡೆಸುತ್ತೇನೆ ಎಂದು ತಿಳಿದ ಕೂಡಲೇ ಜನ ಕೇಳುವುದು ಎರಡೇ ಪ್ರಶ್ನೆ. ಕಪ್ಪು ಬೆಲ್ಟ್ ಸಿಗಲು ಎಷ್ಟು ಕಾಲ ಬೇಕು? ಮಕ್ಕಳನ್ನು ಯಾವ ವಯಸ್ಸಿಗೆ ಸೇರಿಸಬಹುದು? ಒಂದು ಕೊನೆಯದು, ಇನ್ನೊಂದು ಮೊದಲಿನದು. ಇವೆರಡರ ನಡುವಿನ ದೀರ್ಘ ಕಾಲದಲ್ಲಿ ಏನು ನಡೆಯುತ್ತದೆ ಎಂದು ಯಾರೂ ಕೇಳಿದ್ದು ನೆನಪಿಲ್ಲ. ನನ್ನ ದಿನದ ಬಹುಪಾಲು ಚಿಂತೆ ಇರುವುದು ಅಲ್ಲಿಯೇ. ಬಹುಪಾಲು ಸಂತೋಷವೂ ಅಲ್ಲಿಂದಲೇ ಬರುತ್ತದೆ.

ತರಗತಿಯ ಆರಂಭದಲ್ಲಿ ಎಲ್ಲರೂ ಹಿರಿತನದ ಪ್ರಕಾರ ಸಾಲುಗಟ್ಟುತ್ತಾರೆ. ಮುಂದೆ ಕಪ್ಪು ಮತ್ತು ಕಂದು ಬೆಲ್ಟಿನವರು, ಹಿಂದೆ ಬಿಳಿ ಬೆಲ್ಟಿನ ಹೊಸಬರು. ಮುಂದಿನವರ ಚಲನೆಯಲ್ಲಿ ಕಸುವಿರುತ್ತದೆ, ಹಾಗಾಗಿ ಕಣ್ಣಿಗೆ ಬೀಳುತ್ತಾರೆ. ಹೊಸಬರು ಎಡಕ್ಕೆ ತಿರುಗಿ ಎಂದರೆ ಬಲಕ್ಕೆ ತಿರುಗುತ್ತಾರೆ, ಅವರ ಬೆಲ್ಟ್ ಬಿಚ್ಚಿಕೊಂಡು ಕಾಲಿಗೆ ತೊಡರುತ್ತದೆ, ಹಾಗಾಗಿ ಅವರೂ ಕಣ್ಣಿಗೆ ಬೀಳುತ್ತಾರೆ. ನಡುವೆ ಹಸಿರು, ನೀಲಿ, ನೇರಳೆ ಬೆಲ್ಟಿನವರು ನಿಂತಿರುತ್ತಾರೆ. ಬಣ್ಣಗಳ ಕ್ರಮ ಶಾಲೆಯಿಂದ ಶಾಲೆಗೆ ಬೇರೆ ಬೇರೆ. ಹೇಳಿದ್ದನ್ನು ಮಾಡುತ್ತಾರೆ. ತಪ್ಪಿದರೂ ಎದ್ದು ಕಾಣುವಂತೆ ತಪ್ಪುವುದಿಲ್ಲ. ಕಲಿಸುವವರ ನೋಟ ಅವರ ಮೇಲೆ ನಿಲ್ಲದೆ ಜಾರಿಕೊಂಡು ಹೋಗುವುದು ಬಹಳ ಸುಲಭ. ಶಾಲೆಯೊಂದು ಖಾಲಿಯಾಗುತ್ತ ಹೋಗುವುದಿದ್ದರೆ ಅದು ಶುರುವಾಗುವುದು ನೋಟ ಜಾರಿದ ಈ ಜಾಗದಿಂದ ಎಂದು ನಾನು ದೃಢವಾಗಿ ನಂಬುತ್ತೇನೆ.

ಶಾಲೆ ನಡೆಸುವುದೆಂದರೆ ಕಲಿಸುವುದು ಎಂದು ಹೊರಗಿನವರು ಭಾವಿಸುತ್ತಾರೆ. ಬಾಗಿಲು ತೆರೆದ ಮೇಲೆ ನಾನು ಮೊದಲು ಮಾಡುವ ಕೆಲಸ ನೆಲ ಒರೆಸುವುದು. ಬರಿಗಾಲಿನಲ್ಲಿ ಅಷ್ಟು ಜನ ಬೆವರು ಸುರಿಸುವ ಜಾಗದಲ್ಲಿ ಹುಳುಕಡ್ಡಿಯಂಥ ಚರ್ಮದ ಸೋಂಕು ಒಬ್ಬರಿಂದೊಬ್ಬರಿಗೆ ದಾಟಲು ಹೆಚ್ಚು ಹೊತ್ತು ಬೇಕಿಲ್ಲ. ಮೊದಲು ಸೋಪಿನ ನೀರಿನಿಂದ ಕೊಳೆ ತೆಗೆಯಬೇಕು, ಆಮೇಲೆ ಸೋಂಕುನಿವಾರಕ ಹಚ್ಚಬೇಕು. ಹಚ್ಚಿದ ಕೂಡಲೇ ಒರೆಸಿಬಿಟ್ಟರೆ ಪ್ರಯೋಜನವಿಲ್ಲ. ಡಬ್ಬಿಯ ಮೇಲೆ ಬರೆದಿರುವಷ್ಟು ಹೊತ್ತು ನೆಲ ಒದ್ದೆಯಾಗಿಯೇ ಇರಬೇಕು. ಬಳಿಕ ಎರಡು ಮ್ಯಾಟ್‌ಗಳು ಸೇರುವ ಸಂದುಗಳನ್ನು ಕಾಲಿನಿಂದ ಒತ್ತಿ ನೋಡುತ್ತೇನೆ. ಸಂದು ಸ್ವಲ್ಪ ತೆರೆದಿದ್ದರೂ ಒದೆಯಲು ತಿರುಗುವವರ ಕಾಲ್ಬೆರಳು ಅದರಲ್ಲಿ ಸಿಕ್ಕಿಕೊಳ್ಳುತ್ತದೆ. ಪ್ಯಾಡ್‌ಗಳ ಹೊಲಿಗೆ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಫ್ರಿಜ್‌ನಲ್ಲಿರುವ ಐಸ್ ಪ್ಯಾಕ್‌ಗಳು, ಮಕ್ಕಳ ಉಗುರು, ಇವೆಲ್ಲ ಅದೇ ಕೆಲಸದ ಮುಂದುವರಿಕೆ.

ಈ ಕೆಲಸ ಬೇರೆಯವರಿಗೆ ವಹಿಸಬಾರದೇ ಎಂದು ಹಿತೈಷಿಗಳು ಕೇಳುವುದುಂಟು. ವಹಿಸಲು ನನಗೆ ಮನಸ್ಸಿಲ್ಲ. ಜುಡೊ ಕಟ್ಟಿದ ಜಿಗೊರೊ ಕಾನೊ 1882ರಲ್ಲಿ ಟೋಕಿಯೊದ ಎಶೋಜಿ ಎಂಬ ಬೌದ್ಧ ದೇವಾಲಯದಲ್ಲಿ 12 ಚಾಪೆಗಳಷ್ಟು ಜಾಗ ಹಿಡಿದು ಕೊಡೊಕಾನ್ ಎಂಬ ತಮ್ಮ ಶಾಲೆ ಆರಂಭಿಸಿದಾಗ ಅವರಿಗೆ 21 ವರ್ಷ. ಒಬ್ಬರನ್ನೊಬ್ಬರು ಎತ್ತಿ ಒಗೆಯುವ ರಭಸಕ್ಕೆ ನೆಲದ ಹಲಗೆಗಳು ಮುರಿಯುತ್ತಿದ್ದವು. ಅವುಗಳನ್ನು ಸರಿಪಡಿಸಲು ಕಾನೊ ಕೈಯಲ್ಲಿ ದೀಪ ಹಿಡಿದು ನೆಲದಡಿಗೆ ತೂರುತ್ತಿದ್ದರಂತೆ. ಜಪಾನಿನ ಓಕಿನಾವಾ ದ್ವೀಪದಲ್ಲಿ ಶಾಲಾ ಶಿಕ್ಷಕರಾಗಿದ್ದ ಗಿಚಿನ್ ಫುನಾಕೋಶಿ 1922ರಲ್ಲಿ ಕರಾಟೆ ಪ್ರದರ್ಶನಕ್ಕೆಂದು ಟೋಕಿಯೊಗೆ ಬಂದು ಅಲ್ಲಿಯೇ ಉಳಿದಾಗ ಅವರ ವಯಸ್ಸು 50 ದಾಟಿತ್ತು. ಓಕಿನಾವಾದ ವಿದ್ಯಾರ್ಥಿಗಳು ತಂಗುವ ವಸತಿಗೃಹವೊಂದರಲ್ಲಿ ಕಾವಲು ಕಾಯುತ್ತ, ಕೋಣೆಗಳ ಕಸ ಗುಡಿಸುತ್ತ, ತೋಟ ನೋಡಿಕೊಳ್ಳುತ್ತ ಅವರು ಬದುಕಿದರು, ಅಲ್ಲಿಯೇ ಕಲಿಸಿದರು. ಇವರಿಬ್ಬರನ್ನು ಗೋಡೆಯ ಮೇಲಿನ ಚಿತ್ರಗಳಲ್ಲಿ ಗಂಭೀರವಾಗಿ ಕುಳಿತ ಭಂಗಿಯಲ್ಲಿ ನೋಡಿದವರೇ ಹೆಚ್ಚು. ನನಗೆ ಅವರು ಹತ್ತಿರದವರೆನಿಸುವುದು ದೀಪ ಮತ್ತು ಪೊರಕೆ ಹಿಡಿದ ಹೊತ್ತಿನಲ್ಲಿ. ನೆಲ ಒರೆಸುತ್ತ ಬಗ್ಗಿದಾಗ ಶಾಲೆಯ ಬಗ್ಗೆ ನನಗೆ ತಿಳಿಯುವ ಸಂಗತಿಗಳು ನಿಂತು ಆಜ್ಞೆ ಕೊಡುವಾಗ ತಿಳಿಯುವುದಿಲ್ಲ. ಯಾವ ಮೂಲೆಯ ಮ್ಯಾಟ್ ಹೆಚ್ಚು ಸವೆದಿದೆ, ಯಾವ ಜಾಗದಲ್ಲಿ ಯಾರೂ ನಿಲ್ಲುತ್ತಿಲ್ಲ ಎಂಬುದು ಆಗ ಕಾಣುತ್ತದೆ.

ಇನ್ನೊಂದು ಉಪಕರಣ ಹಾಜರಿ ಪುಸ್ತಕ. ಮೊಬೈಲಿನಲ್ಲಿ ಹಾಜರಿ ಹಾಕುವ ಸೌಲಭ್ಯ ಇದ್ದರೂ ನಾನು ಕಾಗದದ ಪುಸ್ತಕವನ್ನೇ ಇಟ್ಟುಕೊಂಡಿದ್ದೇನೆ. ಪುಟ ತಿರುವಿದಾಗ ಒಬ್ಬರ ಹೆಸರಿನ ಮುಂದಿನ ಸಾಲು ನಿಧಾನವಾಗಿ ತೆಳುವಾಗುತ್ತಿರುವುದು ಒಂದೇ ನೋಟಕ್ಕೆ ತಿಳಿಯುತ್ತದೆ. ನಡುಸಾಲಿನವರು ಶಾಲೆ ಬಿಡುವಾಗ ಹೇಳಿ ಬಿಡುವುದಿಲ್ಲ. ಹೊಸಬರು ಬಿಡುವುದಿದ್ದರೆ ಮೊದಲ ಕೆಲವು ವಾರಗಳಲ್ಲಿಯೇ ಬಿಟ್ಟುಬಿಡುತ್ತಾರೆ, ಅದರಲ್ಲಿ ನೋವೇನಿಲ್ಲ, ಅವರಿಗೆ ಬೇಕಾದದ್ದು ಬೇರೆ ಇತ್ತು. ನಡುಸಾಲಿನವರು ಮೊದಲು ವಾರದ ಒಂದು ತರಗತಿ ತಪ್ಪಿಸುತ್ತಾರೆ. ಆಮೇಲೆ ತಡವಾಗಿ ಬರುತ್ತಾರೆ. ಬಂದರೂ ತಮ್ಮ ಜಾಗಕ್ಕಿಂತ ಒಂದು ಹೆಜ್ಜೆ ಹಿಂದೆ ನಿಲ್ಲುತ್ತಾರೆ. ಪ್ರಶ್ನೆ ಕೇಳುವುದನ್ನು ನಿಲ್ಲಿಸುತ್ತಾರೆ. ಅಷ್ಟು ಹೊತ್ತಿಗೆ ಅವರ ಮನಸ್ಸು ಅರ್ಧ ಹೊರಗೆ ಹೋಗಿರುತ್ತದೆ.

ಏಕೆ ಹೀಗಾಗುತ್ತದೆ ಎಂದು ನಾನು ತುಂಬಾ ಯೋಚಿಸಿದ್ದೇನೆ. ಬೇಸರ, ಓದಿನ ಒತ್ತಡ, ಕಚೇರಿಯ ಕೆಲಸ ಎಂಬ ಕಾರಣಗಳನ್ನು ಅವರು ಕೊಡುತ್ತಾರೆ, ಅವೆಲ್ಲ ನಿಜವೇ. ಆದರೆ ಅವುಗಳ ಅಡಿಯಲ್ಲಿ ಇನ್ನೊಂದು ಕಾರಣ ಇದೆ. ಅದನ್ನು ಒಂದು ಒದೆತದ ಮೂಲಕ ಹೇಳುತ್ತೇನೆ.

ಮವಾಶಿ ಗೇರಿ ಎಂದರೆ ಬದಿಯಿಂದ ಬಾಗುವಂತೆ ಬೀಸುವ ಒದೆತ. ಹೊಸದಾಗಿ ಕಲಿಯುವವರು ಮಂಡಿ ಎತ್ತಿ ಬೀಸುತ್ತಾರೆ, ಪ್ಯಾಡಿನ ಮೇಲೆ ಪಾದ ಬಿದ್ದು ದೊಡ್ಡ ಸದ್ದಾಗುತ್ತದೆ, ಮುಖ ಅರಳುತ್ತದೆ. ಆ ಹಂತದಲ್ಲಿ ನಾನು ಏನೂ ಹೇಳುವುದಿಲ್ಲ. ಆ ಸದ್ದು ಅವರಿಗೆ ಬೇಕು. ಕೆಲವು ತಿಂಗಳ ನಂತರ ನಿಂತ ಕಾಲಿನ ಕಡೆಗೆ ಗಮನ ಸೆಳೆಯಬೇಕಾಗುತ್ತದೆ. ಒದೆಯುವಾಗ ನಿಂತ ಪಾದ ತಿರುಗಿ ಹಿಮ್ಮಡಿ ಗುರಿಯ ಕಡೆಗೆ ಬರಬೇಕು. ಪಾದ ತಿರುಗದಿದ್ದರೆ ಸೊಂಟ ಪೂರ್ತಿ ತೆರೆದುಕೊಳ್ಳುವುದಿಲ್ಲ; ತಿರುಚುವ ಒತ್ತಡವೆಲ್ಲ ನಿಂತ ಕಾಲಿನ ಮಂಡಿಯ ಮೇಲೆ ಬೀಳುತ್ತದೆ. ಮಂಡಿ ಮಡಚಲು ಮತ್ತು ನೀಡಲು ಇರುವ ಕೀಲು, ಹಿಂಡಿಸಿಕೊಳ್ಳಲು ಇರುವುದಲ್ಲ. ಆದ್ದರಿಂದ ಈ ತಿದ್ದುಪಡಿ ಅಂದಕ್ಕಾಗಿ ಮಾಡುವುದಲ್ಲ, ಮುಂದೆ ಎಷ್ಟೋ ವರ್ಷ ಆ ಮಂಡಿ ಉಳಿಯಬೇಕು ಎಂದು ಮಾಡುವುದು.

ಈಗ ಆ ವಿದ್ಯಾರ್ಥಿಯ ಪಾಡು ನೋಡಿ. ಪಾದ ತಿರುಗಿಸಿದರೆ ಸಮತೋಲ ತಪ್ಪುತ್ತದೆ. ಸಮತೋಲ ಹಿಡಿದರೆ ಎತ್ತಿದ ಮಂಡಿ ಕೆಳಗಿಳಿಯುತ್ತದೆ. ಮಂಡಿ ಎತ್ತಿ ಹಿಡಿದರೆ ಕೈಗಳು ಮುಖದ ಮುಂದಿನಿಂದ ಜಾರುತ್ತವೆ. ಪ್ಯಾಡಿನ ಸದ್ದು ಸಣ್ಣದಾಗುತ್ತದೆ. ತಿಂಗಳುಗಟ್ಟಲೆ ಅವರ ಒದೆತ ಮೊದಲಿಗಿಂತ ಕೆಟ್ಟದಾಗಿ ಕಾಣುತ್ತದೆ, ಮತ್ತು ಅದು ಅವರಿಗೇ ಎಲ್ಲರಿಗಿಂತ ಹೆಚ್ಚು ಕಾಣುತ್ತದೆ. ಹಿಂದಿನ ಸಾಲಿನಲ್ಲಿದ್ದಾಗ ಕನ್ನಡಿಯಲ್ಲಿ ತಮ್ಮನ್ನು ನೋಡಿಕೊಂಡು ಖುಷಿಪಟ್ಟವರು ಈಗ ಕನ್ನಡಿಯಿಂದ ಮುಖ ತಿರುಗಿಸುತ್ತಾರೆ.

ಕೆಲಸ ಮುಗಿಸಿ ಸಂಜೆಯ ತರಗತಿಗೆ ಬರುವ ಒಬ್ಬ ಮಹಿಳೆ, ಹಸಿರು ಬೆಲ್ಟಿನವರು, ಒಮ್ಮೆ ತರಗತಿಯ ನಂತರ ನಿಂತು, “ಸೆನ್ಸೈ, ಮೊದಲು ಬರುತ್ತಿದ್ದದ್ದೂ ಈಗ ಬರುತ್ತಿಲ್ಲ” ಎಂದರು. ಅವರ ದನಿಯಲ್ಲಿ ದೂರು ಇರಲಿಲ್ಲ, ನಾಚಿಕೆ ಇತ್ತು. ಅದೇ ನನ್ನನ್ನು ಹೆಚ್ಚು ಕಾಡಿತು. “ನಿಮ್ಮ ಕಣ್ಣು ಕಾಲಿಗಿಂತ ಮೊದಲು ಕಲಿತಿದೆ, ಕಾಲು ಹಿಂದೆ ಬರುತ್ತಿದೆ. ಗೋಡೆ ಹಿಡಿದುಕೊಂಡು ನಿಧಾನವಾಗಿ ಒಮ್ಮೆ ಮಾಡಿ ತೋರಿಸಿ” ಎಂದೆ. ಗೋಡೆಯ ಆಸರೆ ಸಿಕ್ಕಿದ ಕೂಡಲೇ ಅವರ ಪಾದ ತಿರುಗಿತು, ಸೊಂಟ ತೆರೆಯಿತು, ಮಂಡಿ ಎತ್ತರದಲ್ಲೇ ಉಳಿಯಿತು. ಕಲಿತದ್ದು ಅಲ್ಲೇ ಇತ್ತು. ಕೊರತೆ ಇದ್ದದ್ದು ಸಮತೋಲದ್ದು ಮಾತ್ರ, ಅದು ಬರಲು ಸಮಯ ಬೇಕು. ಅವರು ಇಂದಿಗೂ ತರಗತಿಗೆ ಬರುತ್ತಾರೆ.

ನಡುಹಂತದ ಕಷ್ಟ ಇದೇ ಎಂದು ನನಗನ್ನಿಸುತ್ತದೆ. ಮೊದಲ ಹಂತದಲ್ಲಿ ಅವರಿಗೆ ತಮ್ಮ ತಪ್ಪು ಕಾಣುತ್ತಿರಲಿಲ್ಲ, ಕೊನೆಯ ಹಂತದಲ್ಲಿ ತಿದ್ದಿಕೊಳ್ಳುವ ಶಕ್ತಿ ಬಂದಿರುತ್ತದೆ. ನಡುವೆ ತಪ್ಪು ಕಾಣುತ್ತದೆ, ತಿದ್ದಲು ಆಗುವುದಿಲ್ಲ. ಅಂಥ ಹೊತ್ತಿನಲ್ಲಿ ಶಿಕ್ಷಕರೂ ಮುಖ ತಿರುಗಿಸಿ ಮುಂದಿನ ಸಾಲಿನ ಕಡೆಗೆ ಹೋದರೆ ಅವರು ಯಾರ ಮುಖ ನೋಡಿ ಬರಬೇಕು?

ಬೆಲ್ಟಿನ ಬಣ್ಣಗಳು ಹುಟ್ಟಿದ್ದೇ ಈ ಕಷ್ಟಕ್ಕೆ ಸಮಾಧಾನವಾಗಿ ಎನ್ನಬಹುದು. ಬಣ್ಣದ ಬೆಲ್ಟ್ ಪುರಾತನ ಪರಂಪರೆ ಎಂದು ಹಲವು ಪೋಷಕರು ತಿಳಿದಿರುತ್ತಾರೆ. ಆದರೆ ಪಳಗಿದವರಿಗೆ ಕೊಡುವ ಡಾನ್ ದರ್ಜೆಯನ್ನು ಕಾನೊ ತಮ್ಮ ಇಬ್ಬರು ಶಿಷ್ಯರಿಗೆ ಕೊಟ್ಟದ್ದು 1883ರಲ್ಲಿ, ಕಪ್ಪು ಬೆಲ್ಟ್ ಬಂದದ್ದು ಅದರ ನಂತರ. ಫುನಾಕೋಶಿ ಆ ಪದ್ಧತಿಯನ್ನು ಜುಡೊದಿಂದ ಪಡೆದು 1924ರಲ್ಲಿ ಮೊದಲ ಬಾರಿಗೆ ಕರಾಟೆಯಲ್ಲಿ ಏಳು ಮಂದಿಗೆ ಡಾನ್ ದರ್ಜೆ ಕೊಟ್ಟರು. ನಾವು ಇಂದು ಉಡುವ ಬಿಳಿ ಉಡುಪು ಕೂಡ ಜುಡೊದ್ದೇ, ಸ್ವಲ್ಪ ಹಗುರವಾದದ್ದು. ಬಿಳಿ ಮತ್ತು ಕಪ್ಪಿನ ನಡುವಿನ ಬಣ್ಣಗಳ ಸಾಲು ಬೆಳೆದದ್ದು ಯುರೋಪಿನಲ್ಲಿ. 1930ರ ದಶಕದಲ್ಲಿ ಪ್ಯಾರಿಸ್‌ಗೆ ಬಂದು ಜುಡೊ ಕಲಿಸಿದ ಮಿಕಿನೊಸುಕೆ ಕವಾಯ್ಶಿ ಅದನ್ನು ಹರಡಿದವರಲ್ಲಿ ಮುಖ್ಯರು. ದೂರದ ಕಪ್ಪು ಬೆಲ್ಟ್ ಒಂದನ್ನೇ ನೋಡುತ್ತ ವರ್ಷಗಟ್ಟಲೆ ಅಭ್ಯಾಸ ಮಾಡುವ ರೂಢಿ ಇಲ್ಲದ ವಿದ್ಯಾರ್ಥಿಗಳಿಗೆ ಹತ್ತಿರದಲ್ಲಿ ಒಂದೊಂದು ನಿಲ್ದಾಣ ಬೇಕಿತ್ತು. ಒಳ್ಳೆಯ ಶಿಕ್ಷಕರು ಕಂಡುಕೊಂಡ ಒಳ್ಳೆಯ ಉಪಾಯ ಅದು. ನಾನು ಅದನ್ನು ಗೌರವದಿಂದ ಬಳಸುತ್ತೇನೆ.

ಆದರೆ ಅದಕ್ಕೂ ಒಂದು ಮಿತಿ ಇದೆ. ಹೊಸಬರ ಪರೀಕ್ಷೆಗಳು ಕೆಲವೇ ತಿಂಗಳ ಅಂತರದಲ್ಲಿ ಬರುತ್ತವೆ. ಮೇಲಕ್ಕೆ ಹೋದಂತೆ ಅಂತರ ಉದ್ದವಾಗುತ್ತದೆ. ಬೇಗ ಬೇಗ ಬಣ್ಣ ಬದಲಾಗುವ ಅಭ್ಯಾಸವಾದವರಿಗೆ ಒಂದೇ ಬಣ್ಣದಲ್ಲಿ ದೀರ್ಘ ಕಾಲ ನಿಲ್ಲಬೇಕಾಗಿ ಬಂದಾಗ ತಾವೇ ನಿಂತುಹೋದಂತೆ ಅನ್ನಿಸುತ್ತದೆ. ಆಗ ಶಾಲೆ ನಡೆಸುವವರ ಮುಂದೆ ಒಂದು ದೊಡ್ಡ ಆಸೆ ಬಂದು ನಿಲ್ಲುತ್ತದೆ. ನಡುವೆ ಇನ್ನೆರಡು ಬಣ್ಣ ಸೇರಿಸಿ, ಬೆಲ್ಟಿನ ತುದಿಗೆ ಪಟ್ಟಿ ಅಂಟಿಸಿ, ಪರೀಕ್ಷೆಗಳನ್ನು ಹೆಚ್ಚಿಸಿದರೆ ಮಕ್ಕಳು ಉಳಿಯುತ್ತಾರೆ, ಪರೀಕ್ಷೆಯ ಶುಲ್ಕವೂ ಬರುತ್ತದೆ. ಚಿಕ್ಕ ಮಕ್ಕಳಿಗೆ ಪಟ್ಟಿ ಕೊಡುವುದರಲ್ಲಿ ನನಗೆ ಆಕ್ಷೇಪವಿಲ್ಲ, ಅವರ ವರ್ಷ ನಮ್ಮ ವರ್ಷಕ್ಕಿಂತ ಉದ್ದವಾಗಿರುತ್ತದೆ. ಹದಿಹರೆಯದವರಿಗೂ ದೊಡ್ಡವರಿಗೂ ಅದನ್ನು ಮಾಡಲು ನಾನು ಒಪ್ಪಿಲ್ಲ. ಬಾರದ ಒದೆತಕ್ಕೆ ಬಣ್ಣ ಕೊಟ್ಟರೆ ಅದು ಬರಲಿಲ್ಲ ಎಂಬುದು ಅವರಿಗೆ ಗೊತ್ತೇ ಇರುತ್ತದೆ. ಆ ಕ್ಷಣದಿಂದ ನನ್ನ ಹೊಗಳಿಕೆಯನ್ನೂ ಅವರು ನಂಬುವುದಿಲ್ಲ.

ಗ್ರೇಡಿಂಗ್, ಅಂದರೆ ಬೆಲ್ಟ್ ಪರೀಕ್ಷೆಯ ದಿನ ಒಬ್ಬರನ್ನು ತಡೆಹಿಡಿಯುವುದು ಈ ವೃತ್ತಿಯ ಅತ್ಯಂತ ಭಾರವಾದ ಕೆಲಸಗಳಲ್ಲೊಂದು. ಸಿದ್ಧವಾಗದವರನ್ನು ಪರೀಕ್ಷೆಗೆ ಕೂರಿಸದೆ ಇರುವುದೇ ಸರಿಯಾದ ದಾರಿ ಎಂದು ಬಹುಪಾಲು ಶಿಕ್ಷಕರು ಹೇಳುತ್ತಾರೆ, ನಾನೂ ಹಾಗೇ ಮಾಡುತ್ತೇನೆ. ಆದರೂ ಆ ದಿನದ ಆತಂಕದಲ್ಲಿ ಕೈಕಾಲು ಮರೆತು ನಿಲ್ಲುವವರು ಇರುತ್ತಾರೆ. ಅಂಥವರಿಗೆ ಎಲ್ಲರೆದುರು ಏನನ್ನೂ ಹೇಳುವುದಿಲ್ಲ. ಪಕ್ಕಕ್ಕೆ ಕರೆದು, ಯಾವ ಎರಡು ವಿಷಯ ಸರಿಯಾಗಬೇಕು ಎಂದು ಮಾತ್ರ ಹೇಳಿ, ಅದನ್ನು ಮತ್ತೆ ನೋಡುವ ದಿನವನ್ನು ಅಲ್ಲೇ ಗೊತ್ತುಮಾಡುತ್ತೇನೆ. ದಿನ ಗೊತ್ತುಮಾಡುವುದು ಬಹಳ ಮುಖ್ಯ. “ಮುಂದೆ ನೋಡೋಣ” ಎಂಬ ಮಾತು ಕೇಳಿದವರು ಹೆಚ್ಚಾಗಿ ಮರಳಿ ಬರುವುದಿಲ್ಲ.

ನಡುಸಾಲಿಗೆ ನಾನು ತುಂಬ ಪ್ರೀತಿಯಿಂದ ಕಲಿಸುವ ಕಟಾ (ಗೊತ್ತಾದ ಕ್ರಮದಲ್ಲಿ ಒಬ್ಬರೇ ಮಾಡುವ ಚಲನೆಗಳ ಸರಣಿ) ಟೆಕ್ಕಿ ಶೋದಾನ್. ಅದಕ್ಕೆ ಮೊದಲು ಬರುವ ಐದು ಹೆಯಾನ್ ಕಟಾಗಳಲ್ಲಿ ಎಲ್ಲ ದಿಕ್ಕಿಗೂ ತಿರುಗುವುದು, ಮುನ್ನುಗ್ಗುವುದು, ಹಿಂದೆ ಸರಿಯುವುದು ಎಲ್ಲ ಇದೆ. ಟೆಕ್ಕಿಯಲ್ಲಿ ಕುದುರೆ ಸವಾರಿಯ ನಿಲುವಿನಲ್ಲಿ ಮಂಡಿ ಬಾಗಿಸಿ ನಿಂತು ಒಂದೇ ಗೆರೆಯ ಮೇಲೆ ಎಡಕ್ಕೆ ಬಲಕ್ಕೆ ಅಡ್ಡ ಹೆಜ್ಜೆ ಇಡುವುದು ಮಾತ್ರ. ಹಾರಾಟವಿಲ್ಲ, ಎತ್ತರದ ಒದೆತವಿಲ್ಲ. ನೋಡುವವರಿಗೆ ಏನೂ ನಡೆಯುತ್ತಿಲ್ಲ ಎನಿಸುತ್ತದೆ. ತೊಡೆಗಳಿಗೆ ಮಾತ್ರ ಏನು ನಡೆಯುತ್ತಿದೆ ಎಂದು ಚೆನ್ನಾಗಿ ಗೊತ್ತಾಗುತ್ತದೆ! ಕಾಲು ಅಲುಗಾಡದೆ ಸೊಂಟದ ಮೇಲಿನ ದೇಹದಿಂದ ಬಲ ಹುಟ್ಟಿಸುವುದನ್ನು ಈ ಕಟಾ ಕಲಿಸುತ್ತದೆ, ಮತ್ತು ಅದು ಬೇಗ ಬರುವುದಿಲ್ಲ. ಮೂರು ಟೆಕ್ಕಿ ಕಟಾಗಳನ್ನು ಕಲಿಯಲು ತಮಗೆ ಹತ್ತು ವರ್ಷ ಹಿಡಿಯಿತು ಎಂದು ಫುನಾಕೋಶಿಯವರೇ ಬರೆದಿದ್ದಾರೆ. ನಡುಸಾಲಿನವರಿಗೆ ಇದನ್ನು ಹೇಳುವಾಗ ನನಗೆ ಒಳಗೊಳಗೇ ಸಂತೋಷವಾಗುತ್ತದೆ. ಅವರು ನಿಂತಿರುವ ಜಾಗದಲ್ಲಿ ಬಹಳ ದೊಡ್ಡವರು ಬಹಳ ಕಾಲ ನಿಂತಿದ್ದರು.

ಕುಮಿತೆ, ಅಂದರೆ ಎದುರಾಳಿಯೊಡನೆ ಕಾದಾಡುವ ಅಭ್ಯಾಸ, ನಿಜವಾಗಿ ಬಿಗಿಯಾಗುವುದೂ ನಡುಹಂತದಲ್ಲಿಯೇ. ಹೊಸಬರಿಗೆ ಎಣಿಕೆ ಹೇಳಿ ಒಂದೊಂದು ದಾಳಿ, ಒಂದೊಂದು ತಡೆ ಮಾಡಿಸುತ್ತೇವೆ. ಎಲ್ಲಿಗೆ ಏಟು ಬರುತ್ತದೆ ಎಂದು ಇಬ್ಬರಿಗೂ ಗೊತ್ತಿರುತ್ತದೆ. ಆಮೇಲೆ ಒಂದು ದಿನ ಆ ತಿಳಿವು ಇಲ್ಲದೆ ನಿಲ್ಲಬೇಕು. ಅಲ್ಲಿಯವರೆಗೆ ಕಟಾದಲ್ಲಿ ಚೆನ್ನಾಗಿದ್ದವರ ಉಸಿರು ಬಿಗಿಯಾಗುತ್ತದೆ, ಕಣ್ಣು ಮುಚ್ಚಿಕೊಳ್ಳುತ್ತದೆ, ಕಾಲು ನೆಟ್ಟು ನಿಲ್ಲುತ್ತದೆ. ಭಯ ಪಡಬೇಡಿ ಎಂದು ಹೇಳುವುದರಿಂದ ಭಯ ಹೋಗುವುದಿಲ್ಲ. ಜೋಡಿ ಮಾಡುವುದರಲ್ಲಿ ಎಲ್ಲ ಇದೆ. ಅಂಜುವವರನ್ನು ಶಾಲೆಯ ಅತ್ಯಂತ ಹಿರಿಯರೊಡನೆ ನಿಲ್ಲಿಸುತ್ತೇನೆ, ಏಕೆಂದರೆ ಕೈ ತಡೆದು ಹೊಡೆಯುವುದು ಹಿರಿಯರಿಗೆ ಮಾತ್ರ ಸಾಧ್ಯ. ಇಬ್ಬರು ನಡುಹಂತದವರನ್ನು, ಅದರಲ್ಲೂ ಒಂದೇ ವಯಸ್ಸಿನ ಹುಡುಗರನ್ನು, ಎದುರುಬದುರು ನಿಲ್ಲಿಸಿದಾಗ ನಾನು ಅಲ್ಲಿಂದ ಕದಲುವುದಿಲ್ಲ. ವೇಗ ಬಂದಿರುತ್ತದೆ, ಹಿಡಿತ ಬಂದಿರುವುದಿಲ್ಲ. ಹೆಚ್ಚಿನ ಪೆಟ್ಟುಗಳು ಅಂಥ ಜೋಡಿಗಳಲ್ಲೇ ಆಗುತ್ತವೆ.

ತಲೆಗೆ ಏಟು ಬಿದ್ದು ಮೆದುಳಿಗೆ ಪೆಟ್ಟಾಗಿರಬಹುದು ಎಂಬ ಸಂಶಯ ಬಂದರೂ ಸಾಕು, ಅವರ ತರಗತಿ ಅಲ್ಲಿಗೆ ಮುಗಿಯುತ್ತದೆ. ಅದೇ ದಿನ ಮತ್ತೆ ಆಟಕ್ಕೆ ಇಳಿಸಬಾರದು ಎಂಬುದು ಎಲ್ಲ ಕ್ರೀಡೆಗಳಿಗೂ ವೈದ್ಯರು ಒಮ್ಮತದಿಂದ ಹೇಳಿರುವ ಮಾತು. ಪ್ರಜ್ಞೆ ತಪ್ಪಿಲ್ಲವಲ್ಲ ಎಂದು ಹುಡುಗರು ವಾದಿಸುತ್ತಾರೆ. ಪ್ರಜ್ಞೆ ತಪ್ಪದೆಯೂ ಮೆದುಳಿಗೆ ಪೆಟ್ಟಾಗುತ್ತದೆ. ತಲೆನೋವು, ಮಂಕು, ವಾಕರಿಕೆ, ಬೆಳಕು ಸಹಿಸಲಾಗದಿರುವುದು ತಾಸುಗಳ ನಂತರವೂ ಕಾಣಿಸಬಹುದು, ಆದ್ದರಿಂದ ಮನೆಯವರಿಗೆ ನಾನೇ ಫೋನ್ ಮಾಡಿ ಏನು ಗಮನಿಸಬೇಕು ಎಂದು ಹೇಳುತ್ತೇನೆ. ವೈದ್ಯರು ಒಪ್ಪುವ ತನಕ ಕುಮಿತೆಗೆ ಸೇರಿಸುವುದಿಲ್ಲ. ಈ ವಿಷಯದಲ್ಲಿ ಯಾರೊಡನೆಯೂ ರಾಜಿ ಇಲ್ಲ. ಜಪಾನಿನ ಕಾಮಕುರಾ ಊರಿನ ಎಂಗಾಕುಜಿ ದೇವಾಲಯದ ಆವರಣದಲ್ಲಿರುವ ಫುನಾಕೋಶಿ ಸ್ಮಾರಕದ ಕಲ್ಲಿನಲ್ಲಿ ಕರಾಟೆಯಲ್ಲಿ ಮೊದಲ ಏಟು ಇಲ್ಲ ಎಂಬ ಮಾತನ್ನು ಕೊರೆದಿದ್ದಾರೆ. ಹೊರಗಿನ ಜಗಳದ ಬಗ್ಗೆ ಹೇಳಿದ್ದೆಂದು ಅದನ್ನು ಸಾಮಾನ್ಯವಾಗಿ ವಿವರಿಸುತ್ತಾರೆ. ನಮ್ಮ ಜೊತೆಯಲ್ಲೇ ಅಭ್ಯಾಸ ಮಾಡುವವರ ದೇಹದ ಕಾಳಜಿಗೂ ಆ ಮಾತು ಸಲ್ಲುತ್ತದೆ ಎಂದು ನನಗನ್ನಿಸಿದೆ.

ಹಣದ ವಿಷಯವನ್ನೂ ಹೇಳಬೇಕು. ಬಾಡಿಗೆ, ವಿದ್ಯುತ್, ವಿಮೆ, ಸವೆದ ಮ್ಯಾಟ್‌ಗಳು, ಇವೆಲ್ಲ ನಡೆಯುವುದು ತಿಂಗಳು ತಿಂಗಳು ತಪ್ಪದೆ ಬರುವವರ ಶುಲ್ಕದಿಂದ. ಪದಕ ಗೆಲ್ಲುವವರಿಂದ ಶಾಲೆಗೆ ಹೆಸರು ಬರುತ್ತದೆ, ಅವರ ಪ್ರಯಾಣಕ್ಕೆ ಖರ್ಚೂ ಬರುತ್ತದೆ. ಕರಾಟೆ ಒಲಿಂಪಿಕ್ಸ್‌ನಲ್ಲಿ ಮೊದಲು ಕಾಣಿಸಿಕೊಂಡದ್ದು 2021ರಲ್ಲಿ ನಡೆದ ಟೋಕಿಯೊ ಕೂಟದಲ್ಲಿ; 2024ರ ಪ್ಯಾರಿಸ್ ಕೂಟದಲ್ಲಿ ಅದು ಇರಲಿಲ್ಲ. ಇನ್ನು ಮುಂದೆ ಮಕ್ಕಳನ್ನು ಕಳುಹಿಸುವುದರಲ್ಲಿ ಏನು ಅರ್ಥ ಎಂದು ಕೆಲವು ಪೋಷಕರು ಕೇಳಿದರು. ನಮ್ಮ ಶಾಲೆಯ ನಡುಸಾಲಿನಲ್ಲಿ ಒಲಿಂಪಿಕ್ಸ್‌ಗಾಗಿ ಬರುವವರು ಯಾರೂ ಇಲ್ಲ. ಆ ವಾರವೂ ಅವರೆಲ್ಲ ಬಂದರು, ಎಂದಿನಂತೆ ಅಭ್ಯಾಸ ಮಾಡಿದರು. ಯಾವುದೋ ಸಮಿತಿ ಎಲ್ಲೋ ಕುಳಿತು ತೆಗೆದುಕೊಂಡ ತೀರ್ಮಾನ ಅವರ ಸಂಜೆಗಳನ್ನು ಮುಟ್ಟಲಿಲ್ಲ. ಶುಲ್ಕ ಬಾಕಿ ಉಳಿದರೆ ಆ ಮಾತನ್ನು ದೊಡ್ಡವರೊಡನೆ ಮಾತ್ರ, ಡೋಜೊ, ಅಂದರೆ ಅಭ್ಯಾಸದ ಕೋಣೆಯ ಹೊರಗೆ ಆಡುತ್ತೇನೆ. ಮಗುವಿನ ಕಿವಿಗೆ ಅದು ಬೀಳಬಾರದು.

ನಡುಸಾಲನ್ನು ಉಳಿಸಿಕೊಳ್ಳಲು ನನಗೆ ಸಿಕ್ಕ ದಾರಿಗಳಲ್ಲಿ ಅತ್ಯಂತ ಫಲ ಕೊಟ್ಟದ್ದು ಅವರಿಂದ ಕಲಿಸುವುದು. ಹಿರಿಯರನ್ನು ಸಹಾಯಕ್ಕೆ ಕರೆಯುವುದು ರೂಢಿ. ನಾನು ನೀಲಿ ಬೆಲ್ಟಿನವರನ್ನು ಕರೆಯುತ್ತೇನೆ. ಕೆಳಗಿನಿಂದ ಬರುವ ಏಟನ್ನು ತಡೆಯುವ ಕೆಳಮಟ್ಟದ ತಡೆಯನ್ನು ಕಪ್ಪು ಬೆಲ್ಟಿನವರು ವಿವರಿಸಿದರೆ ಹೊಸಬರು ಅವರ ಚಲನೆಯನ್ನು ಬೆರಗಿನಿಂದ ನೋಡುತ್ತ ನಿಲ್ಲುತ್ತಾರೆ, ಅದರಲ್ಲಿ ಏನು ಮಾಡಬೇಕು ಎಂಬುದೇ ಹಿಡಿಗೆ ಸಿಗುವುದಿಲ್ಲ. ನೀಲಿ ಬೆಲ್ಟಿನ ಹುಡುಗಿಗೆ ಆ ತಡೆಯಲ್ಲಿ ತನ್ನ ಮೊಣಕೈ ಎಲ್ಲಿ ಸಿಕ್ಕಿಕೊಳ್ಳುತ್ತಿತ್ತು ಎಂಬುದು ಇನ್ನೂ ನೆನಪಿರುತ್ತದೆ. “ಇಲ್ಲಿ ಭುಜ ಎತ್ತಬೇಡ, ನಾನೂ ಎತ್ತುತ್ತಿದ್ದೆ” ಎಂದು ಅವಳು ಹೇಳುವಾಗ ಆ ಮಗು ತಲೆ ಎತ್ತಿ ಅವಳನ್ನು ನೋಡುವ ರೀತಿಯೇ ಬೇರೆ. ಅವಳಿಗೂ ತಾನು ಎಷ್ಟು ದೂರ ಬಂದಿದ್ದೇನೆ ಎಂಬುದು ಅದೇ ಹೊತ್ತಿನಲ್ಲಿ ತಿಳಿಯುತ್ತದೆ. ನಾನು ನೂರು ಸಲ ಹೇಳಿದರೂ ಅದು ತಿಳಿಯುತ್ತಿರಲಿಲ್ಲ.

ಪ್ಯಾಡ್ ಹಿಡಿಯುವುದನ್ನೂ ನಾನು ಪಾಠವಾಗಿಯೇ ಕಲಿಸುತ್ತೇನೆ. ಸಡಿಲವಾಗಿ ಹಿಡಿದರೆ ಒದೆಯುವವರ ಮಂಡಿ ಎದುರಿನ ಒತ್ತು ಸಿಗದೆ ಜರ್ಕು ಹೊಡೆಯುತ್ತದೆ, ತೀರಾ ಬಿಗಿಯಾಗಿ ಹಿಡಿದರೆ ಹಿಡಿದವರ ಮಣಿಕಟ್ಟು ನೋಯುತ್ತದೆ. ಏಟು ಬರುವ ಕ್ಷಣಕ್ಕೆ ಸರಿಯಾಗಿ ಒಂದಿಷ್ಟು ಮುಂದೊತ್ತಬೇಕು. ಚೆನ್ನಾಗಿ ಪ್ಯಾಡ್ ಹಿಡಿಯುವವರು ಇನ್ನೊಬ್ಬರ ಸೊಂಟ ಯಾವಾಗ ತಿರುಗುತ್ತದೆ ಎಂಬುದನ್ನು ಓದಲು ಕಲಿತಿರುತ್ತಾರೆ, ಕುಮಿತೆಯಲ್ಲಿ ಅದೇ ಕಣ್ಣು ಕೆಲಸಕ್ಕೆ ಬರುತ್ತದೆ. ಇನ್ನು, ಒಂದು ತರಗತಿಯಲ್ಲಿ ಒಬ್ಬರಿಗೆ ಒಂದೇ ತಿದ್ದುಪಡಿ. ನನಗೆ ಅವರಲ್ಲಿ ಹತ್ತು ದೋಷ ಕಾಣುತ್ತಿದ್ದರೂ ಒಂದನ್ನೇ ಹೇಳಬೇಕು, ಮುಂದಿನ ತರಗತಿಯಲ್ಲಿ ಅದನ್ನೇ ನೆನಪಿಟ್ಟು ಕೇಳಬೇಕು. ನೆನಪಿಟ್ಟು ಕೇಳುವುದೇ ಕಷ್ಟದ ಭಾಗ, ಹಾಜರಿ ಪುಸ್ತಕದ ಅಂಚಿನಲ್ಲಿ ಬರೆದಿಡುತ್ತೇನೆ.

ಬಿಟ್ಟು ಹೋದವರಿಗೆ ಫೋನ್ ಮಾಡಬೇಕೇ ಬೇಡವೇ ಎಂಬ ಬಗ್ಗೆ ಶಿಕ್ಷಕರಲ್ಲಿ ಎರಡು ಅಭಿಪ್ರಾಯ ಇದೆ. ಬೇಕಾದವರು ಬರುತ್ತಾರೆ, ಕರೆದು ಕಲಿಸುವುದು ವಿದ್ಯೆಗೆ ಶೋಭೆಯಲ್ಲ ಎನ್ನುವವರನ್ನು ನಾನು ಬಲ್ಲೆ. ಅವರ ಮೇಲೆ ನನಗೆ ಗೌರವವೂ ಇದೆ. ನಾನು ಮಾತ್ರ ಫೋನ್ ಮಾಡುತ್ತೇನೆ. ಏಕೆ ಬರುತ್ತಿಲ್ಲ ಎಂದು ಕೇಳುವುದಿಲ್ಲ, ಹೇಗಿದ್ದೀರಿ ಎಂದು ಕೇಳುತ್ತೇನೆ. ಹಲವರಿಗೆ ಮರಳಿ ಬರಲು ಇರುವ ಅಡ್ಡಿ ನಾಚಿಕೆ ಒಂದೇ. ಇಷ್ಟು ದಿನ ಬಿಟ್ಟು ಈಗ ಹೋದರೆ ಎಲ್ಲರೂ ಏನೆಂದುಕೊಳ್ಳುತ್ತಾರೆ, ಕಟಾ ಮರೆತುಹೋಗಿದೆ, ಉಸಿರು ಸಾಲುವುದಿಲ್ಲ ಎಂಬ ಸಂಕೋಚ. ಮೊದಲ ದಿನ ಬಿಳಿ ಬೆಲ್ಟಿನವರ ಜೊತೆ ಮೂಲ ಪಾಠ ಮಾಡಿ, ಯಾರೂ ಏನೂ ಕೇಳುವುದಿಲ್ಲ ಎಂದು ಭರವಸೆ ಕೊಡುತ್ತೇನೆ. ಯಾರೂ ಕೇಳದಂತೆ ನೋಡಿಕೊಳ್ಳುವುದು ನನ್ನ ಹೊಣೆ. ಮರಳಿ ಬಂದವರು ಮತ್ತೆ ಸುಲಭವಾಗಿ ಬಿಡುವುದಿಲ್ಲ ಎಂಬುದನ್ನು ಕಂಡಿದ್ದೇನೆ.

ಇಷ್ಟೆಲ್ಲದರ ನಡುವೆ ಕಲಿಸುವವರ ಸ್ವಂತ ಅಭ್ಯಾಸ ಸೊರಗುತ್ತದೆ. ಎಣಿಕೆ ಹೇಳುತ್ತ ಓಡಾಡುವುದು ಅಭ್ಯಾಸವಲ್ಲ. ಆದ್ದರಿಂದ ತರಗತಿಗಳು ಶುರುವಾಗುವ ಮೊದಲು, ನೆಲ ಒಣಗುವ ಹೊತ್ತು ಮುಗಿದ ಮೇಲೆ, ಬಾಗಿಲು ಮುಚ್ಚಿಕೊಂಡು ನನ್ನ ಕಟಾ ಮಾಡುತ್ತೇನೆ. ನನಗೂ ಒಬ್ಬರು ಗುರುಗಳಿದ್ದಾರೆ. ಅವರ ತರಗತಿಗೆ ಹೋದಾಗ ನಾನು ನಿಲ್ಲುವುದು ಸಾಲಿನ ನಡುವೆ. ನನಗಿಂತ ಹಿರಿಯರು ಮುಂದಿರುತ್ತಾರೆ, ಕಿರಿಯರು ಹಿಂದಿರುತ್ತಾರೆ, ಗುರುಗಳು ನನ್ನ ಪಕ್ಕದಲ್ಲಿ ನಿಂತು ನನ್ನ ಹಿಂದಿನ ಹಿಮ್ಮಡಿಯನ್ನು ಒಂದು ಕ್ಷಣ ನೋಡಿ ಮುಂದೆ ಹೋದರೆ ಆ ದಿನಕ್ಕೆ ನನಗೆ ಅಷ್ಟೇ ಸಾಕು. ಅಷ್ಟು ಸಣ್ಣ ನೋಟಕ್ಕೆ ಎಷ್ಟು ಬೆಲೆ ಇದೆ ಎಂಬುದು ಅಲ್ಲಿಗೆ ಹೋಗದಿದ್ದರೆ ನನಗೆ ಮರೆತುಹೋಗುತ್ತಿತ್ತೋ ಏನೋ.

ಮುಂದಿನ ಗ್ರೇಡಿಂಗ್‌ನಿಂದ ಒಂದು ಬದಲಾವಣೆ ತರುತ್ತಿದ್ದೇನೆ. ಹಸಿರು ಬೆಲ್ಟಿನಿಂದ ಮೇಲಿನವರೆಲ್ಲ ತಮ್ಮ ಕಟಾ ಮತ್ತು ಕುಮಿತೆಯ ಜೊತೆಗೆ ಒಬ್ಬ ಹೊಸ ವಿದ್ಯಾರ್ಥಿಗೆ ಹತ್ತು ನಿಮಿಷ ಏನಾದರೊಂದನ್ನು ಕಲಿಸಿ ತೋರಿಸಬೇಕು. ಕಲಿಸಿದ್ದು ಎಷ್ಟು ಅಚ್ಚುಕಟ್ಟಾಗಿತ್ತು ಎಂಬುದಕ್ಕಿಂತ, ಎದುರಿಗಿರುವವರು ಎಲ್ಲಿ ತಡವರಿಸುತ್ತಿದ್ದಾರೆ ಎಂಬುದನ್ನು ಅವರು ಕಂಡರೋ ಇಲ್ಲವೋ ಎಂದು ನೋಡುತ್ತೇನೆ. ಇಬ್ಬರು ಪೋಷಕರು ಈಗಾಗಲೇ ಬಂದು, ಪರೀಕ್ಷೆ ನಮ್ಮ ಮಕ್ಕಳದ್ದೋ ಬೇರೆಯವರದ್ದೋ ಎಂದು ಕೇಳಿ ಹೋಗಿದ್ದಾರೆ. ಶನಿವಾರ ಅವರನ್ನು ತರಗತಿಗೆ ಕರೆದಿದ್ದೇನೆ. ನೀಲಿ ಬೆಲ್ಟಿನವರು ಅಂದು ಹೊಸಬರಿಗೆ ಕೆಳಮಟ್ಟದ ತಡೆಯನ್ನು ಕಲಿಸಲಿದ್ದಾರೆ. ಕುರ್ಚಿ ಹಾಕಿ ಪೂರ್ತಿ ಒಂದು ತಾಸು ನೋಡಿದ ಮೇಲೆ ಮಾತಾಡೋಣ ಎಂದು ಅವರಿಗೆ ಹೇಳಿದ್ದೇನೆ.